ನೀರಿನ ಕಾರು

ಟಿನ್ ಫ್ಯಾಕ್ಟರಿಯ ಹತ್ತಿರ ಕಾರು ನಿಂತು ಹನ್ನೆರಡು ನಿಮಿಷವಾಗಿತ್ತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲಿಂದ ಕೆಂಪರಾಜ್‌ನ ಕಣ್ಣು ಕದಲಿರಲಿಲ್ಲ, ಮುಳ್ಳೂ ಕದಲಿರಲಿಲ್ಲ. ಅವನಿಗೆ ರೇಗುತ್ತಿದ್ದದ್ದೇ ಅದಕ್ಕೆ. ಹಳೆಯ ಕಾರಾಗಿದ್ದರೆ ಇಷ್ಟು ಹೊತ್ತಿಗೆ ಮುಳ್ಳು ಮೇಲಕ್ಕೆ ತೆವಳಿ, ಬೆನ್ನ ಹಿಂದಿನ ಎಂಜಿನ್ನಿನಿಂದ ಸುಟ್ಟ ಎಣ್ಣೆಯ ವಾಸನೆ ಕುತ್ತಿಗೆಗೆ ಬಡಿದು, ಅವನು ಕಿಟಕಿಗಳನ್ನೆಲ್ಲ ಇಳಿಸಿ ಎಂಜಿನ್ ಆರಿಸಿ, ಮುಂದಿನ ಬಸ್ಸು ಒಂದು ಮಾರು ಸರಿದಾಗಲೆಲ್ಲ ಮತ್ತೆ ಸ್ಟಾರ್ಟ್ ಮಾಡಿ, ಹಿಂದಿನ ಟೆಂಪೋದವನಿಂದ ಅಪ್ಪ ಅಮ್ಮನನ್ನೆಲ್ಲ ಬೈಸಿಕೊಂಡು, ಬೆವೆತು ತೊಪ್ಪೆಯಾಗಿ, ಅಂತೂ ಬದುಕಿದ್ದೇನೆ ಅನ್ನಿಸಿಕೊಳ್ಳುತ್ತಿದ್ದ. ಈ ಕಾರಿನಲ್ಲಿ ಮಾಡಲು ಏನೂ ಇರಲಿಲ್ಲ. ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಟ್ಟ ನಡುವೆ ನಿಂತಿತ್ತು. ಎಲ್ಲೋ ಒಳಗೆ ನೀರು ಸುತ್ತುತ್ತಿತ್ತಂತೆ, ಬಿಸಿಯನ್ನು ಹೊತ್ತುಕೊಂಡು ಹೋಗಿ ಮುಂದೆ ಚೆಲ್ಲಿ ಬರುತ್ತಿತ್ತಂತೆ. ಸದ್ದಿಲ್ಲ, ವಾಸನೆಯಿಲ್ಲ. ಇಪ್ಪತ್ತೆರಡು ವರ್ಷ ಆ ಕಾರಿಗಾಗಿ ಪಟ್ಟ ಆತಂಕಕ್ಕೆ ಈಗ ಕೆಲಸ ತಪ್ಪಿಹೋಗಿ, ಅದು ಬೀದಿ ನಾಯಿಯ ಹಾಗೆ ಅವನ ಮೈಮೇಲೇ ತಿರುಗಿಬಿದ್ದಿತ್ತು.

ಗಾಳಿಯಿಂದ ತಂಪಾಗುವ ಎಂಜಿನ್ನು ಓಡುವವರಿಗಾಗಿ ಮಾಡಿದ್ದು. ನಿಂತರೆ ಅದಕ್ಕೆ ಉಸಿರು ಕಟ್ಟುತ್ತದೆ. ಈ ಊರಿನಲ್ಲಿ ಓಡುವುದಕ್ಕೆ ಈಗ ತಲೆಯ ಮೇಲಿನ ಮೆಟ್ರೊಗೆ ಮಾತ್ರ ಅಪ್ಪಣೆ, ಕೆಳಗಿರುವವರೆಲ್ಲ ನಿಲ್ಲಬೇಕು. ಕೆ.ಆರ್. ಪುರದ ತೂಗುಸೇತುವೆಯಲ್ಲಿ ನಿಲ್ಲಬೇಕು, ಬೆನ್ನಿಗಾನಹಳ್ಳಿಯಲ್ಲಿ ನಿಲ್ಲಬೇಕು, ಮಂತ್ರಿಯ ಕಾರು ಹೋಗುವವರೆಗೆ ನಿಲ್ಲಬೇಕು, ಅದು ಹೋದ ಮೇಲೂ ಯಾಕೆಂದು ಗೊತ್ತಿಲ್ಲದೆ ನಿಲ್ಲಬೇಕು. ಕಳೆದ ಬೇಸಿಗೆಯಲ್ಲಿ ಮೂರು ಸಲ ಹಳೆಯ ಕಾರು ಕುದಿದು ನಿಂತು, ಮೂರನೆಯ ಸಲ ಹೆಂಡತಿ ಯಮುನಾ ಇಳಿದು ಆಟೊ ಹಿಡಿದು ಹೋಗಿದ್ದಳು. ಮನೆಗೆ ಬಂದ ಮೇಲೆ ಅವಳು ಜಗಳವಾಡಲಿಲ್ಲ, ಚಪಾತಿ ಲಟ್ಟಿಸುತ್ತಾ ಹೇಳಿದಳು: “ಇಪ್ಪತ್ತೆರಡು ವರ್ಷ ಆ ಕಾರಿನ ಜ್ವರ ನೋಡ್ಕೊಂಡು ಕೂತಿದ್ರಿ. ನನಗೆ ಟೈಫಾಯ್ಡ್ ಬಂದಾಗ ಒಂದ್ಸಲನಾದ್ರೂ ಹಣೆ ಮುಟ್ಟಿ ನೋಡಿದ್ರಾ?” ಅವನು ನೋಡಿದ್ದ. ಒಂದು ಸಲವಲ್ಲ, ಹತ್ತು ಸಲ ನೋಡಿದ್ದ. ಆದರೆ ಹಾಗೆಂದು ಹೇಳಹೊರಟರೆ ಎಣಿಸಿದ ಹಾಗಾಗುತ್ತದೆಂದು ಸುಮ್ಮನಿದ್ದು, ಸುಮ್ಮನಿದ್ದದ್ದೇ ಒಪ್ಪಿಕೊಂಡ ಹಾಗಾಯಿತು. ಹಳೆಯ ಕಾರನ್ನು ಕೊಂಡ ಕೊಯಮತ್ತೂರಿನವರು ಹೋದ ಗುರುವಾರ ಅದನ್ನು ಲಾರಿಗೆ ಹತ್ತಿಸಿ, ಮಗುವಿಗೆ ಸುತ್ತುವ ಹಾಗೆ ಬಟ್ಟೆ ಸುತ್ತಿ ತೆಗೆದುಕೊಂಡು ಹೋದರು. ಶಿವಾಜಿನಗರದ ಮೆಕ್ಯಾನಿಕ್ ಅಕ್ತರ್‌ಗೆ ಅವನು ಅದನ್ನು ಹೇಳಿರಲಿಲ್ಲ. ಇಷ್ಟು ವರ್ಷ ಆ ಎಂಜಿನ್ನನ್ನು ಬೇರೆ ಯಾರ ಕೈಯೂ ಮುಟ್ಟಿರಲಿಲ್ಲ. ಮುಟ್ಟಿಸುವುದಿಲ್ಲ ಎಂದು ಮಾತು ಕೊಟ್ಟವನೂ ಅವನೇ. ನಿನ್ನೆ ಸಂಜೆ ಅಕ್ತರ್ ಫೋನು ಮಾಡಿ, “ರಾಜ್ ಸಾರ್, ಸಿಕ್ಬಿಡ್ತು! ಆಯಿಲ್ ಕೂಲರು! ಮದ್ರಾಸಿಂದ ತರಿಸಿ ಬೆಸುಗೆ ಹಾಕಿ, ಪ್ರೆಷರ್ ಹಾಕಿ ನೋಡ್ದೆ, ಒಂದು ಹನಿ ಸೋರಲ್ಲ. ನಾಳೆ ಗಾಡಿ ತನ್ನಿ, ಇನ್ನು ನಿಮಗೆ ಬಿಸೀದು ತಲೆನೋವೇ ಇರಲ್ಲ,” ಎಂದಾಗ, ಕೆಂಪರಾಜ್ “ತರ್ತೀನಿ” ಎಂದು ಕೂಗಿಬಿಟ್ಟಿದ್ದ. ಗಾಡಿ ಎಂದನಲ್ಲ, ಯಾವ ಗಾಡಿ ಎಂದು ಹೇಳಲಿಲ್ಲವಲ್ಲ ಎಂದು ರಾತ್ರಿಯೆಲ್ಲ ತನ್ನ ಪರವಾಗಿ ತಾನೇ ವಕಾಲತ್ತು ವಹಿಸಿದ್ದ.

ಬಸ್ಸು ಸರಿಯಿತು. ಕಾರು ತಾನಾಗಿಯೇ ಹೋಗುತ್ತಿರುವ ಹಾಗೆ ಹಿಂಬಾಲಿಸಿತು. ಇಂದಿರಾನಗರದ ತಿರುವಿನಲ್ಲಿ ಆ ಕಾಫಿ ಅಂಗಡಿ ಕಂಡು ಅವನು ಮುಖ ತಿರುಗಿಸಿದ. ಭಾನುವಾರ ಬೆಳಿಗ್ಗೆ ಹಳೆಯ ಕಾರಿನವರೆಲ್ಲ ಸೇರುತ್ತಿದ್ದ ಜಾಗ ಅದು. ಮೊದಲ ದಿನ ಅವನು ಕಾರು ನಿಲ್ಲಿಸಿ ಇಳಿದಾಗ, ಬಿಳಿ ಮೀಸೆಯ ಒಬ್ಬ ದಂಡು ಪ್ರದೇಶದ ಸಾಹೇಬ, ಬೆಕ್ಕನ್ನು ಸವರುವ ಹಾಗೆ ಕಾರನ್ನು ಸವರುತ್ತಾ, “ನಿಮ್ಮ ಸಾಹೇಬ್ರು ಬರಲಿಲ್ವಾ?” ಎಂದಿದ್ದ. ತಪ್ಪು ತಿಳಿದ ಮೇಲೆ ಎಲ್ಲರೂ ಜೋರಾಗಿ ನಕ್ಕು, ಬೆನ್ನು ತಟ್ಟಿ, ಕಾಫಿ ಕೊಡಿಸಿದರು. ಕಾಫಿ ಕೊಡಿಸಿದ್ದೇ ಅವಮಾನವನ್ನು ಖಾಯಂ ಮಾಡಿತು. ಆಮೇಲೆ ಹದಿನೈದು ವರ್ಷ ಅವರು ಅವನ ಕಾರನ್ನು ಗೌರವಿಸಿದರು. ನಂಬರು ಹೊಂದುತ್ತದೆ, ಬಣ್ಣ ಮೂಲದ್ದೇ, ಎಂದು ಜಾತಕ ನೋಡುವ ಹಾಗೆ ನೋಡಿದರು. ಅವನ ಜಾತಕವನ್ನು ಬೆನ್ನ ಹಿಂದೆ ನೋಡಿದರು: ಕೇರಿಯವನು, ಅಪ್ಪ ದೊಡ್ಡಮುನಿಯಪ್ಪ ಊರ ತೋಟಿಯಾಗಿದ್ದ, ಆ ಚಾಕರಿಗೆ ಬಿಟ್ಟಿದ್ದ ತೋಟಿಕೆಯ ಹೊಲದಲ್ಲಿ ಲೇಔಟು ಎದ್ದು ದುಡ್ಡಾಯಿತು. ಮಾವಿನಹಣ್ಣಿಗೆ ಪೆಟ್ಟಿಗೆ ಮುಖ್ಯವಲ್ಲ ಎನ್ನುವ ಹಾಗೆ ಸಹಿಸಿದರು. ಹೊಸ ಕಾರಿನ ಸುದ್ದಿ ತಿಳಿದ ದಿನ ಅವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: “ಹೋಗ್ಲಿ ಬಿಡು ಗುರು, ಎಲ್ಲರಿಗೂ ಗಾಳಿ ಒಗ್ಗಲ್ಲ.” ಅದರ ಕೆಳಗೆ ಹದಿನೇಳು ನಗುವ ಮುಖಗಳು. ಅವನು ಹದಿನೇಳನ್ನೂ ಒಂದೊಂದಾಗಿ ತೆರೆದು ಯಾರು ಯಾರು ಎಂದು ನೋಡಿದ್ದ. ನೋಡಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಿದ್ದ.

ಇವತ್ತು ಬೆಳಿಗ್ಗೆ ಶೋರೂಮಿನಲ್ಲಿ ಕೀಲಿ ಕೊಡುವಾಗ ಆನಂದ್ ಎಂಬ ಟೈ ಕಟ್ಟಿದ ಹುಡುಗ ಹಿಂದಿನ ಮುಚ್ಚಳ ಎತ್ತಿ, ಒಳಗಿನ ಎರಡು ಸಣ್ಣ ಮುಚ್ಚಳಗಳನ್ನು ತೋರಿಸಿ, “ಇದು ಆಯಿಲ್ ಸಾರ್, ಪಕ್ಕದ್ದು ಕೂಲಂಟ್, ಅಂದ್ರೆ ನೀರು. ಮುಂದೆ ರೇಡಿಯೇಟರ್ ಇದ್ರೂ ನೀರು ತುಂಬೋದು ಇಲ್ಲೇ. ಆದ್ರೆ ನೀವೇನೂ ತುಂಬೋ ಹಾಗಿಲ್ಲ. ಹೊರಗಿನ ನೀರು ಹಾಕಿದ್ರೆ ವಾರಂಟಿ ಹೋಗತ್ತೆ. ಹೊರಗಿನ ಮೆಕ್ಯಾನಿಕ್ ಮುಟ್ಟಿದ್ರೂ ಹೋಗತ್ತೆ,” ಎಂದ. ಕೆಂಪರಾಜ್‌ಗೆ ಫಕ್ಕನೆ ನಗು ಬಂತು. ಹುಡುಗ ಯಾಕೆಂದು ತಿಳಿಯದೆ ತಾನೂ ನಕ್ಕ. ಅಜ್ಜಿ ಪಟಾಲಮ್ಮ ಊರ ಬಾವಿಯ ಕಟ್ಟೆಯಿಂದ ಹತ್ತು ಮಾರು ಆಚೆ, ಕೊಡವನ್ನು ನೆಲಕ್ಕಿಟ್ಟು, ಯಾರಾದರೂ ಬಂದು ಸೇದಿ ಹೊಯ್ಯಲೆಂದು ಮಧ್ಯಾಹ್ನದವರೆಗೂ ಕಾಯುತ್ತಿದ್ದಳಂತೆ. ಗಾಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದು ಕೇರಿಗೂ ಬೀಸುತ್ತಿತ್ತು, ಅಗ್ರಹಾರಕ್ಕೂ ಬೀಸುತ್ತಿತ್ತು. ನೀರಿಗೆ ಮಾತ್ರ ಆಗಲೂ ಕಾವಲು, ಈಗಲೂ ಕಾವಲು. ಆಗ ಜನಿವಾರ, ಈಗ ಟೈ. ಅವನು ಅದನ್ನು ಜೋರಾಗಿಯೇ ಹೇಳಬೇಕೆಂದುಕೊಂಡ. ಹೇಳದೆ, ಇಪ್ಪತ್ತು ಕಡೆ ಸಹಿ ಹಾಕಿದ. ಕಾರು ತೊಳೆಯುವ ದುರ್ಗೇಶ, ರಾಯಚೂರು ಕಡೆಯವನು, ಒದ್ದೆ ಬಟ್ಟೆಯನ್ನು ಹಿಂಡುತ್ತಾ ಹತ್ತಿರ ಬಂದು, ಆನಂದ್‌ಗೆ ಕೇಳಿಸದ ಹಾಗೆ, “ಸರ್, ಒಂದ್ ಮಾತ್ ಹೇಳ್ತೀನ್ರಿ. ಬಿಸಿ ಇದ್ದಾಗ ಆ ನೀರಿಂದು ಮುಚ್ಚಳ ಮಾತ್ರ ತೆಗಿಬ್ಯಾಡ್ರಿ. ಒಳಗ ಕುದೀತಿರ್ತದ. ಮಾರಿ ಸುಟ್ಟು ಹೋಗ್ತದ್ರಿ,” ಎಂದ. ಆ ಇಡೀ ಬೆಳಿಗ್ಗೆಯಲ್ಲಿ ಕೆಂಪರಾಜ್‌ನ ಮುಖದ ಬಗ್ಗೆ ಕಾಳಜಿ ಮಾಡಿದವನು ಅವನೊಬ್ಬನೇ.

ಹಲಸೂರು ಕೆರೆ ದಾಟಿ ಶಿವಾಜಿನಗರದ ಆ ಗಲ್ಲಿಗೆ ಹೊಕ್ಕಾಗ ಒಂದೂಕಾಲು ಗಂಟೆ. ಅಕ್ತರ್‌ನ ಶೆಡ್ಡು ಅವನ ಅಪ್ಪನ ಕಾಲದ್ದು. ಅಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ನುಗಳಿಗೆ ಮಾತ್ರ ಪ್ರವೇಶ: ಬುಲೆಟ್ ಬೈಕು, ಹಳೆಯ ಗುಬುಟು ಬೆನ್ನಿನ ಕಾರು, ಆಟೊ, ಮತ್ತೆ ಈ ಊರಿನಲ್ಲಿ ಬೆರಳೆಣಿಕೆಯಷ್ಟಿರುವ, ಇವನದ್ದಾಗಿದ್ದಂಥ ಓಟದ ಕಾರುಗಳು. ನಲವತ್ತೈದು ವರ್ಷ ಆ ಎಂಜಿನ್ನುಗಳ ಬಾಯಿಗೆ ಕಿವಿ ಕೊಟ್ಟು ಅಕ್ತರ್‌ನ ಕಿವಿ ಮುಕ್ಕಾಲು ಹೋಗಿತ್ತು. ಎಂಜಿನ್ನಿನ ರೋಗವನ್ನು ಈಗ ಅವನು ಅಂಗೈಯಿಟ್ಟು ನಡುಕದಲ್ಲಿ ಹಿಡಿಯುತ್ತಿದ್ದ. ಮನುಷ್ಯರ ಮಾತನ್ನು ಮಾತ್ರ ಕೂಗಿಯೇ ಹೇಳಬೇಕಿತ್ತು. ದಾರಿಯುದ್ದಕ್ಕೂ ಕೆಂಪರಾಜ್ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಮೆಲ್ಲಗೆ ಹೇಳುವ ಮಾತುಗಳು. ‘ಅಕ್ತರ್ ಭಾಯ್, ಗಾಡಿ ಕೊಟ್ಬಿಟ್ಟೆ. ನಿಮಗೆ ಮೊದಲೇ ಹೇಳ್ಬೇಕಿತ್ತು. ಇದನ್ನ ನಿಮ್ಮ ಹತ್ರ ಬಿಡೋಕಾಗಲ್ಲ.’ ಇದನ್ನು ಟೀ ಅಂಗಡಿಯವನಿಗೆ, ಎದುರು ಮಸೀದಿಯ ಮೆಟ್ಟಿಲ ಮೇಲೆ ಕೂತವರಿಗೆ, ಮೇಲಿನ ಕಿಟಕಿಯಲ್ಲಿ ಸೊಪ್ಪು ಸೋಸುತ್ತಿದ್ದ ಅಕ್ತರ್‌ನ ಹೆಂಡತಿ ಫಹ್ಮಿದಾಗೆ ಕೇಳಿಸುವ ಹಾಗೆ ಕೂಗಿ ಹೇಳುವುದು ಹೇಗೆ?

ಅಕ್ತರ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಹೊಸ ಕಾರನ್ನು ನೋಡಿದ. ಅವನ ಮುಖದಲ್ಲಿ ಏನೋ ಒಂದು ನಿಂತು, ಮತ್ತೆ ನಡೆಯಿತು. “ಕ್ಯಾ ಸಾರ್, ಹೊಸಬಳನ್ನ ಕಟ್ಕೊಂಡ್ ಬಂದ್ಬಿಟ್ರಾ? ಹಳಬಳಿಗೆ ಗೊತ್ತಾ?”

“ಗೊತ್ತು!” ಎಂದು ಕೆಂಪರಾಜ್ ಕೂಗಿದ.

“ಎಲ್ಲಿದ್ದಾಳೆ?”

“ಮನೇಲಿ!”

ಸುಳ್ಳು ಇಡೀ ಗಲ್ಲಿಗೆ ಕೇಳಿಸಿತು. ಟೀ ಅಂಗಡಿಯವನು ಗಾಜಿನ ಲೋಟ ತೊಳೆಯುತ್ತಲೇ, “ಏನ್ ಅಕ್ತರ್ ಭಾಯ್, ನೀರಿನ ಗಾಡಿ ಮುಟ್ಟಲ್ಲ, ಹರಾಮ್ ಅಂತಿದ್ರಿ?” ಎಂದು ಕೆಣಕಿದ. ಅಕ್ತರ್‌ಗೆ ಇದು ಮಾತ್ರ ಹೇಗೋ ಕೇಳಿಸಿತು. “ಬೇರೆಯೋರ್ದು ಮುಟ್ಟಲ್ಲ. ರಾಜ್ ಸಾರ್ ತಂದ್ರೆ ರೋಡ್ ರೋಲರ್ರೂ ಮುಟ್ತೀನಿ. ಹೋಗ್ರೀ!” ಎಂದು, ಶೆಡ್ಡಿನ ಒಳಗಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಆಯಿಲ್ ಕೂಲರನ್ನು ಎರಡೂ ಕೈಯಲ್ಲಿ ತಂದು ಬೆಂಚಿನ ಮೇಲಿಟ್ಟ. ಬಟ್ಟೆ ಬಿಚ್ಚಿದ. ಬೆಸುಗೆ ಹಾಕಿದ್ದು ಎಲ್ಲಿ ಎಂದು ಹುಡುಕಿದರೂ ಕಾಣದಷ್ಟು ನಯ. “ಮೂರು ತಿಂಗಳು ಸಾರ್,” ಎಂದ. “ಇದು ಕೂತ್ರೆ ಟಿನ್ ಫ್ಯಾಕ್ಟರಿಯಲ್ಲಿ ಸಂಜೆ ತನಕ ನಿಂತ್ಕೊಳ್ಳಿ, ಮುಳ್ಳು ಏರಲ್ಲ.” ಕೆಂಪರಾಜ್ ಅದನ್ನು ಮುಟ್ಟಿದ. ಮುಟ್ಟದೆ ಇರುವುದು ಹೇಗೆಂದು ತಿಳಿಯದೆ ಮುಟ್ಟಿದ. ತಣ್ಣಗಿತ್ತು. ಎಂಥ ಮನುಷ್ಯ ಇವನು, ಯಾಕೆ ಇಷ್ಟು ಚೆನ್ನಾಗಿ ಮಾಡಬೇಕಿತ್ತು, ಒಂದಿಷ್ಟು ಸೋರುವ ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಅಕ್ತರ್‌ನ ಮೇಲೆಯೇ ಸಿಟ್ಟು ಬಂತು. ಹುಡುಗನಾಗಿದ್ದಾಗ, ಅಪ್ಪ ತಮಟೆ ಹಿಡಿದು ಊರಿಗೆಲ್ಲ ಸಾರಿ ಬಂದು ಗೌಡರ ಜಗಲಿಯ ಕೆಳಗೆ ನಿಂತಾಗ, ಒಂದು ಮಾತು ಚೆನ್ನಾಗಿ ಸಾರಿದೆ ಅನ್ನದೆ ಗೌಡರು ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುತ್ತಿದ್ದದ್ದು ನೆನಪಾಯಿತು. ಆ ಗಂಟು ಈಗ ತನ್ನ ಹುಬ್ಬಿನ ಮಧ್ಯೆ ಕೂತಿದೆ ಅನ್ನಿಸಿತು. ಬೆರಳಿನಿಂದ ಹುಬ್ಬು ಉಜ್ಜಿಕೊಂಡ.

“ಎಂಜಿನ್ ಆರಿಸ್ಬೇಡಿ, ಓಡ್ತಾ ಇರ್ಲಿ,” ಎಂದು ಅಕ್ತರ್ ಕಾರಿನ ಹಿಂದಕ್ಕೆ ನಡೆದ. ಅದು ಅವರಿಬ್ಬರ ನಡುವಿನ ಹಳೆಯ ಶಾಸ್ತ್ರ. ಗಾಳಿಯ ಕಾರಿನ ಎಣ್ಣೆಯನ್ನು ಎಂಜಿನ್ ತಣ್ಣಗಿದ್ದಾಗ ನೋಡುವ ಹಾಗಿಲ್ಲ. ಕಾದು, ಓಡುತ್ತಿರುವಾಗಲೇ ಮುಚ್ಚಳ ತೆಗೆದು ನೋಡಬೇಕು. ಇಪ್ಪತ್ತೆರಡು ವರ್ಷ, ಬಂದಾಗಲೆಲ್ಲ, ಸಲಾಮಿಗೂ ಮೊದಲು ಅಕ್ತರ್ ಮಾಡುತ್ತಿದ್ದದ್ದು ಅದನ್ನೇ. ಈಗಲೂ ಅವನು ಹಿಂದಿನ ಮುಚ್ಚಳ ಎತ್ತಿದ. ಒಳಗೆ ಬಗ್ಗಿ ನೋಡಿದ. ಪ್ಲಾಸ್ಟಿಕ್ ಹೊದಿಕೆ, ಅದರಲ್ಲಿ ಪಕ್ಕಪಕ್ಕ ಎರಡು ಮುಚ್ಚಳ. ಅವನು ಒಂದು ಗಳಿಗೆ ತಡೆದ. ಮುಂದಕ್ಕೆ ಹೋಗಿ ಬಂಪರಿನ ಜಾಲರಿಯೊಳಗೆ ಇಣುಕಿ, ರೇಡಿಯೇಟರನ್ನು ಕಂಡು, “ನೀರೆಲ್ಲ ಇಲ್ಲಿ ಮುಂದೆ ಇಟ್ಟವ್ರೆ, ಚಾಲಾಕಿಗಳು,” ಎಂದು ತನಗೆ ತಾನೇ ತಲೆದೂಗಿದ. ಮತ್ತೆ ಹಿಂದಕ್ಕೆ ಬಂದ. ಹಾಗಾದರೆ ಹಿಂದಿರುವ ಎರಡೂ ಎಣ್ಣೆಯವೇ ಎಂದು ಅವನು ಲೆಕ್ಕ ಹಾಕಿದ್ದು ಅವನ ಬೆನ್ನಿನಲ್ಲೇ ಕಾಣಿಸಿತು. ಹೆಗಲ ಮೇಲಿನ ಬಟ್ಟೆ ತೆಗೆದು ಕೈಗೆ ಸುತ್ತಿಕೊಂಡ. ಆ ಕೈ ನೀರಿನ ಮುಚ್ಚಳದ ಮೇಲೆ ಕೂತಿತು.

ಕೆಂಪರಾಜ್ ಅವನಿಂದ ಮೂರು ಹೆಜ್ಜೆ ದೂರದಲ್ಲಿದ್ದ. ದುರ್ಗೇಶನ ಮಾತು ಅವನಿಗೆ ನೆನಪಾಯಿತು. ಮರೆತಿತ್ತು ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡರೂ ಅದು ನೆನಪಾಗಿತ್ತು, ‘ಮಾರಿ’ ಎಂಬ ಶಬ್ದದ ಸಮೇತ ನೆನಪಾಗಿತ್ತು. ಕೂಗಬೇಕೆಂದು ಬಾಯಿ ತೆರೆದು ಎದೆಯ ತುಂಬ ಉಸಿರು ಎಳೆದುಕೊಂಡ. ಉಸಿರು ತುಂಬಿ ನಿಂತಿತು. ಆ ತುಂಬಿ ನಿಂತ ಉಸಿರಿನೊಳಗೆ ಒಂದು ಯೋಚನೆ ಬಂತು. ಬಂತು ಅನ್ನುವುದಕ್ಕಿಂತ, ಬೆಳಗಿನಿಂದ ಅಲ್ಲೇ ಕೂತಿದ್ದದ್ದು ಎದ್ದು ನಿಂತಿತು: ಇವನು ಈಗ ಒಂದು ತಪ್ಪು ಮಾಡಲಿ. ಒಂದೇ ಒಂದು. ಎಲ್ಲರೆದುರಿಗೆ. ಈ ಕಾರು ಇವನಿಗೆ ತಿಳಿಯುವುದಿಲ್ಲ ಎಂದು ಇವನಿಗೇ ತಿಳಿಯಲಿ, ಆಮೇಲೆ ನಾನು ಏನೂ ಹೇಳಬೇಕಾಗಿಲ್ಲ. ಅಷ್ಟೇ. ಅದು ಒಂದು ಸೆಕೆಂಡೂ ಇರಲಿಲ್ಲ. ಆ ಹೊತ್ತಿನಲ್ಲಿ ಅಕ್ತರ್ ಒಮ್ಮೆ ಇವನ ಕಡೆ ಕಣ್ಣು ಹಾಯಿಸಿದ, ಬಟ್ಟೆ ಸುತ್ತಿದ ಕೈ ಅರ್ಧ ಸುತ್ತು ತಿರುಗಿತು.

ಬಸ್ಸಿನ ಬ್ರೇಕಿನಂಥ ಸದ್ದು. ಬಿಳಿಯ ಹಬೆ ಶೆಡ್ಡಿನ ಮುಂದೆ ಚಾಚಿದ್ದ ಚಾವಣಿಯ ತಗಡಿಗೆ ಬಡಿಯಿತು. ಹಬೆಯ ಒಳಗಿನಿಂದ ಗುಲಾಬಿ ಬಣ್ಣದ ನೀರು ಕುದಿಯುತ್ತಾ ಬಂದು ಅಕ್ತರ್‌ನ ಕೈ, ಮುಂಗೈ, ಗದ್ದದ ಮೇಲೆ ಬಿತ್ತು. ಅವನು ಕಿರುಚಲಿಲ್ಲ; “ಯಾ ಅಲ್ಲಾ” ಎಂದು ಹಿಂದಕ್ಕೆ ಸರಿದು, ಏನಾಯಿತೆಂದು ತಿಳಿಯದ ಮಗುವಿನ ಹಾಗೆ ಕೈಯನ್ನು ಮುಂದೆ ಚಾಚಿಕೊಂಡು ನೋಡಿದ. ಆಮೇಲಿನದೆಲ್ಲ ಬೇರೆಯವರು ಮಾಡಿದರು. ಟೀ ಅಂಗಡಿಯವನು ಎಂಜಿನ್ ಆರಿಸಿ ಬಕೆಟ್ಟು ತಂದ, ಫಹ್ಮಿದಾ ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದು ಬಂದು ಆ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಡಿದಳು, ಯಾರೋ ಆಟೊ ಕೂಗಿದರು. ಕೆಂಪರಾಜ್‌ನ ಎದೆಯಲ್ಲಿ ಆ ಉಸಿರು ಇನ್ನೂ ಹಾಗೇ ಇತ್ತು. ಎಲ್ಲಿ ಬಿಡಬೇಕೆಂದು ತಿಳಿಯದೆ ಅವನು ಆಟೊದಲ್ಲಿ ಕೂತ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟ.

ನರ್ಸಿಂಗ್ ಹೋಮ್ ಮೂರನೆಯ ರಸ್ತೆಯಲ್ಲೇ ಇತ್ತು. ಒಂದು ಕೋಣೆ, ಅದರಲ್ಲಿ ನಾಲ್ಕು ಮಂಚ, ಹಸಿರು ಪರದೆ. ಡಾಕ್ಟರು, ಕನ್ನಡಕ ಹಾಕಿಕೊಂಡ ಯುವತಿ, ಬೊಬ್ಬೆಗಳ ಮೇಲೆ ಬಿಳಿ ಮುಲಾಮು ಬಳಿಯುತ್ತಾ, “ಎರಡು ತಿಂಗಳು ಈ ಕೈಯಲ್ಲಿ ಏನೂ ಹಿಡಿಯೋ ಹಾಗಿಲ್ಲ. ಹೆಬ್ಬೆರಳಲ್ಲಿ ಸ್ಪರ್ಶ ಎಷ್ಟು ವಾಪಸ್ ಬರತ್ತೆ ಅಂತ ಈಗ್ಲೇ ಹೇಳೋಕಾಗಲ್ಲ,” ಎಂದಳು. ಫಹ್ಮಿದಾ ಕೆಂಪರಾಜ್‌ನ ಕಡೆ ನೋಡದೆ, “ಅವ್ರ ಕಣ್ಣು ಕಿವಿ ಎಲ್ಲಾ ಆ ಹೆಬ್ಬೆರಳೇ, ಡಾಕ್ಟ್ರಮ್ಮಾ,” ಎಂದಳು. ಡಾಕ್ಟರು ಔಷಧಿ ಚೀಟಿಯನ್ನು ಕೆಂಪರಾಜ್‌ನ ಕೈಗೆ ಕೊಟ್ಟು, ಇನ್ನೊಂದು ಕಾಗದದಲ್ಲಿ ಬರೆದುಕೊಳ್ಳುತ್ತಾ ಕೇಳಿದಳು: “ಹೇಗಾಯ್ತಿದು? ಅಷ್ಟು ಬಿಸಿ ಇದ್ದಾಗ ಯಾರೂ ತೆಗಿಬೇಡಿ ಅನ್ನಲಿಲ್ವಾ?”

ಪ್ರಶ್ನೆ ಅಕ್ತರ್‌ಗೆ ಕೇಳಿಸಿರಲಿಲ್ಲ. ಫಹ್ಮಿದಾ ಅವನ ಕಿವಿಗೆ ಬಾಯಿಟ್ಟು ದಖ್ನಿ ಉರ್ದುವಿನಲ್ಲಿ ಹೇಳಿದಳು. ಅವನು ನಕ್ಕ, ಗದ್ದ ಉರಿದು ನಗು ಅರ್ಧಕ್ಕೇ ನಿಂತಿತು. “ಅಂದ್ರು ಡಾಕ್ಟ್ರೇ. ಸಾರ್ ಬೇಡಾ ಬೇಡಾ ಅಂತ ಕೂಗಿರ್ತಾರೆ. ಬಾಯಿ ತೆರ್ದಿದ್ದು ನಾನೇ ನೋಡ್ದೆ. ನನ್ನ ಈ ದರಿದ್ರ ಕಿವಿಗೆ ಕೇಳಿಸ್ಬೇಕಲ್ಲ!” ಎಂದು, ಎಡಗೈಯನ್ನು ಚಾಚಿ ಕೆಂಪರಾಜ್‌ನ ತೋಳು ತಟ್ಟಿದ. “ನೀವು ಮನಸ್ಸಿಗೆ ಹಚ್ಕೋಬೇಡಿ ಸಾರ್. ಕೂಲರ್ ರೆಡಿ ಇದೆ. ಕೈ ವಾಸಿಯಾದ ದಿನಾನೇ ಹಳಬಳನ್ನ ತನ್ನಿ, ಕೂರಿಸ್ಬಿಡೋಣ.”

ಪಕ್ಕದ ಮಂಚದ ಮುದುಕಿ ಕೆಂಪರಾಜ್‌ನನ್ನು ನೋಡಿ ಲೊಚಗುಟ್ಟಿ, “ಪಾಪ, ಆ ಮನುಷ್ಯ ಎಷ್ಟು ಕೂಗಿದ್ನೋ,” ಎಂದಳು. ಕೆಂಪರಾಜ್ ಪರದೆಯ ಹಸಿರನ್ನು ನೋಡಿದ. ತಪ್ಪಿಸಿಕೊಳ್ಳಲು ನೆಪ ಸಿಕ್ಕಿತಲ್ಲ, ಪುಕ್ಕಟೆ ಸಿಕ್ಕಿತಲ್ಲ, ಎಂದು ಒಳಗಿನ ವಕೀಲ ಹೇಳಿದ. ಬಾಯಿ ತೆರೆದದ್ದು ನಿಜವೇ ಅಲ್ಲವೇ. ಎರಡು ತಿಂಗಳಿದೆ. ಎರಡು ತಿಂಗಳಲ್ಲಿ ಕೈ ವಾಸಿಯಾಗದೆಯೂ ಇರಬಹುದು, ಹಾಗಾದರೆ ಹಳೆಯ ಕಾರಿನ ಮಾತೂ ಬರುವುದಿಲ್ಲ. ಈ ಕೊನೆಯ ಯೋಚನೆ ಬಹಳ ಸಲೀಸಾಗಿ ಬಂದು ಕೂತಿತು. ಈ ಮನುಷ್ಯನ ಕೈ ಸುಟ್ಟದ್ದೂ ಸಾಲದೆ ಈಗ ಅದು ವಾಸಿಯಾಗಬಾರದು ಎಂದು ಬಯಸುವವರೆಗೆ ಬಂದೆನೇ? ಅಜ್ಜಿಯ ಕೊಡವನ್ನು ಕೆಳಗಿಡಿಸಿ ಸೇದದೆ ಸುಮ್ಮನೆ ನಿಂತವರೂ ಏನನ್ನೂ ಮಾಡಿರಲಿಲ್ಲವಲ್ಲ. ಸುಮ್ಮನೆ ನಿಂತಿದ್ದರು, ಅಷ್ಟೇ.

“ನಾನು ಕೂಗ್ಲಿಲ್ಲ, ಅಕ್ತರ್ ಭಾಯ್,” ಎಂದ.

ಗಂಟಲಿನಿಂದ ಬಂದದ್ದು ಪಿಸುಮಾತು. ಫಹ್ಮಿದಾ ತಲೆ ಎತ್ತಿದಳು. ಅಕ್ತರ್, ಎಡಗೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿ, “ಏನ್ ಸಾರ್?” ಎಂದು ಪ್ರೀತಿಯಿಂದ ಮುಂದಕ್ಕೆ ಬಾಗಿದ.

“ನಾನು ಕೂಗ್ಲಿಲ್ಲ!”

“ಹಾಂ?”

“ನಾನು ಕೂಗ್ಲಿಲ್ಲ! ಬಿಸಿ ಇದೆ ಅಂತ ನನಗೆ ಗೊತ್ತಿತ್ತು! ನೀವು ತೆಗೀತಿದ್ದದ್ದು ನೋಡ್ದೆ! ನೋಡ್ಕೊಂಡು ಸುಮ್ನಿದ್ದೆ! ಹಳೇ ಗಾಡಿ ಮಾರ್ಬಿಟ್ಟೆ, ಅಕ್ತರ್ ಭಾಯ್! ಗುರುವಾರಾನೇ ಮಾರ್ಬಿಟ್ಟೆ!”

ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತಿತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಟೀ ಅಂಗಡಿಯವನು ನೆಲ ನೋಡಿದ. ಫಹ್ಮಿದಾ ಎದ್ದು, ಕೆಂಪರಾಜ್‌ನ ಕೈಯಲ್ಲಿದ್ದ ಔಷಧಿ ಚೀಟಿಯನ್ನು, ಕಿತ್ತುಕೊಳ್ಳದೆ, ಅವನ ಬೆರಳುಗಳು ತಾವಾಗಿ ಬಿಡುವವರೆಗೆ ಹಿಡಿದಿದ್ದು, ತೆಗೆದುಕೊಂಡಳು.

ಅಕ್ತರ್ ಕಿವಿಯ ಹಿಂದಿನ ಕೈಯನ್ನು ಇಳಿಸಲಿಲ್ಲ. ಅವನ ಕಣ್ಣಿನಲ್ಲಿ ಸಿಟ್ಟು ಹುಡುಕಿದ ಕೆಂಪರಾಜ್‌ಗೆ ಅದು ಸಿಗಲಿಲ್ಲ. ತಾನು ಅಷ್ಟು ಹೊತ್ತೂ ಸಿಟ್ಟನ್ನೇ ಬೇಡುತ್ತಿದ್ದೆ ಎಂದು ಆಗ ತಿಳಿಯಿತು. ಎಂಜಿನ್ನಿನಲ್ಲಿ ಹೊಸ ಸದ್ದೊಂದು ಹುಟ್ಟಿದರೆ ಅದು ಎಲ್ಲಿಂದ ಬರುತ್ತಿದೆಯೆಂದು ತಲೆ ವಾಲಿಸಿ ಕಾಯುವವನ ಹಾಗೆ ಅಕ್ತರ್ ಕಾಯುತ್ತಿದ್ದ.

“ಯಾಕೆ?” ಎಂದ.

ಆ ಕೋಣೆಯಲ್ಲಿದ್ದವರೆಲ್ಲ ಅದಕ್ಕೇ ಕಾದರು. ಅದನ್ನೂ ಕೂಗಿಯೇ ಹೇಳಬೇಕಿತ್ತು. ಕೆಂಪರಾಜ್ ಎದೆಯ ತುಂಬ ಉಸಿರೆಳೆದುಕೊಂಡ.